ಮೊಳೆಗೆ ನೇತುಹಾಕಿದ ಹತ್ತು ನಿಮಿಷ

ತಾಂಡವಪುರ
೧೮-೧೧-೧೯೯೯, ಗುರುವಾರ

ಸೌಭಾಗ್ಯವತಿ ನಯನಾಳಿಗೆ,

ಈ ಜಾಗದಲ್ಲಿ ಗಂಡನಾದವನು ಆಶೀರ್ವಾದ ಎಂದು ಬರೆಯಬೇಕಂತೆ. ನೀನು ಈಗ ಇರುವ ಕೋಪಕ್ಕೆ ನನ್ನ ಆಶೀರ್ವಾದವನ್ನು ಅಂಚೆಯವನ ಕೈಗೇ ವಾಪಸು ಕೊಟ್ಟುಬಿಡುತ್ತೀಯ ಎಂದು ಹೆದರಿ ಬರೆದಿಲ್ಲ. ಅದರ ಮುಂದೆ ನಾನಿಲ್ಲಿ ಕ್ಷೇಮ ಎಂದು ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ. ಸುಳ್ಳಿನ ವಿಷಯಕ್ಕೇ ನೀನು ಮಾತು ಬಿಟ್ಟಿರುವುದರಿಂದ ಅದನ್ನೂ ಬಿಟ್ಟಿದ್ದೇನೆ. ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ನನ್ನ ಸಹಿ ಒಂದೇ ಉಳಿಯುತ್ತದೆ.

ಈ ದಿನ ನನಗೆ ವಾರದ ರಜೆ. ಬೆಳಿಗ್ಗೆ ತಿಂಡಿಯನ್ನೂ ಮಾಡಿಕೊಳ್ಳದೆ ಕೂತಿದ್ದೇನೆ. ಇನ್‌ಲ್ಯಾಂಡ್ ಕಾಗದದಲ್ಲಿ ಹಿಡಿಸುವುದಿಲ್ಲ ಎಂದು ಅಂಗಡಿಯಿಂದ ನೋಟ್ ಪುಸ್ತಕ ತಂದೆ. ನಾನು ಐದನೇ ಕ್ಲಾಸಿನವನು, ನೀನು ಎಸ್ಸೆಸ್ಸೆಲ್ಸಿ. ತಪ್ಪುಗಳಿಗೆ ಗೆರೆ ಎಳೆದು ಹಿಂದಕ್ಕೆ ಕಳಿಸಿದರೂ ಪರವಾಗಿಲ್ಲ, ಪೂರ್ತಿ ಓದು. ಎದುರಿಗೆ ನಿಂತರೆ ನನಗೆ ಎರಡು ಮಾತು ಹೊರಡುವುದಿಲ್ಲ. ಹೆಣ್ಣು ನೋಡಲು ತಿರುಮಕೂಡಲಿನ ನಿಮ್ಮ ಮನೆಗೆ ಬಂದ ದಿನ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ. ಹೇಳಲಾರದೆ ಮೂರು ಸಲ ಹಾಕಿಸಿಕೊಂಡು ತಿಂದವನು ನಾನು.

ನಿನ್ನ ಕಾಗದ ಸೋಮವಾರ ಬಂತು. ಮೂರೇ ಸಾಲು. 'ಅಪ್ಪನಿಗೆ ಲಿಂಗದ ಕೋಪ. ನನಗೆ ಅದಲ್ಲ. ನಾಲ್ಕು ತಿಂಗಳು ಬಾಟ್ಲಿ ತೊಳೀತಿದೀನಿ ಅಂದಿರಲ್ಲ, ಅದಕ್ಕೆ ಏನು ಹೇಳ್ತೀರಿ?' ಕೆಳಗೆ ಹೆಸರೂ ಇಲ್ಲ. ಅಕ್ಷರ ನೋಡಿ ನೀನೇ ಎಂದು ತಿಳಿದುಕೊಂಡೆ.

ಹೇಳುತ್ತೇನೆ. ಆದರೆ ಮೊದಲು ನನ್ನ ಗೋಳು ಕೇಳು. ಈ ಎಂಟು ದಿನದಲ್ಲಿ ನನ್ನ ಮೇಲೆ ಕೋಪ ಮಾಡಿಕೊಳ್ಳದವರು ಯಾರೂ ಉಳಿದಿಲ್ಲ. ಎಲ್ಲರಿಗೂ ಒಂದೇ ಕೋಪವಾದರೆ ಒಂದೇ ಸಲ ಕಾಲಿಗೆ ಬಿದ್ದು ಮುಗಿಸಬಹುದಿತ್ತು. ಒಬ್ಬೊಬ್ಬರದು ಒಂದೊಂದಕ್ಕೆ.

ನಿಮ್ಮ ತಂದೆಯವರಿಗೆ ನಾನು ಬಿಯರ್ ಬಾಯಿಗೆ ಹಾಕಿಕೊಂಡಿದ್ದು ದೊಡ್ಡದಲ್ಲವೇ ಅಲ್ಲ. "ಕುಡ್ದು ಆಳಾಗೋಗ್ಲಿ, ಊರಲ್ಲಿ ಯಾವನ್ ಕುಡಿಯಾಕಿಲ್ಲ? ಲಿಂಗವ ಮೊಳೆಗೆ ನೇತಾಕ್ದವನ ಮಾತ್ರ ನಾ ಈ ವಯಸ್ಗಂಟ ಕಂಡಿಲ್ಲ" ಎಂದರು. ನಿಮ್ಮ ತಾಯಿಗೆ ಲಿಂಗದ ವಿಷಯ ಕಿವಿಗೇ ಹೋಗಲಿಲ್ಲ. ಸ್ಕಾಚ್ ಎಂಬ ಒಂದು ಮಾತು ಹಿಡಿದುಕೊಂಡು, "ಅದು ಸಾವ್ಕಾರ್ರು ಕುಡಿಯೋ ವಿಸ್ಕಿ ಅಲ್ವಾ? ನಿಂಗ್ಯಾಕಪ್ಪ ಅಷ್ಟು ದೊಡ್ಡಾಟ?" ಎಂದು ಕಣ್ಣೀರು ಹಾಕಿದರು. ವಿಸ್ಕಿ ಅಲ್ಲ ಅತ್ತೆ, ಅದು ಸ್ಕಾಟ್ಲೆಂಡ್ ಕಡೆಯ ಒಂದು ಜಾತಿ ಬಿಯರು, ಸ್ಕಾಚ್ ಏಲ್ ಅಂತಾರೆ ಎಂದು ಹೇಳಲು ಹೋದೆ. ಇನ್ನೂ ಜೋರಾಗಿ ಅತ್ತರು. ಇದೇ ಅತ್ತೆ ಗೌರಿ ಹಬ್ಬಕ್ಕೆ ಬಂದಾಗ, "ಎಣ್ಣೆ ಆಕಿಡಾಕೆ ನಿಮ್ ಫ್ಯಾಕ್ಟ್ರಿ ಖಾಲಿ ಬಾಟ್ಲಿ ನಾಕು ತಂದ್ಕೊಡಪ್ಪ, ಗಟ್ಟಿಯಾಗಿರ್ತವೆ" ಎಂದಿದ್ದರು. ನಾಲ್ಕಲ್ಲ, ಹದಿನಾಲ್ಕು ಬಾಟ್ಲಿ ಈಗ ನಿಮ್ಮ ಅಡುಗೆಮನೆಯ ಗೂಡಿನಲ್ಲಿವೆ. ಎಣಿಸಿ ನೋಡು.

ಬಿಯರ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಬಾಟ್ಲಿ ತೊಳೆಯುತ್ತಿದ್ದ ಬಸವಣ್ಣನಿಗೂ ಕೋಪ. "ನೋಡ್ಲಾ ರುದ್ರ, ಅನ್ನೆರಡು ವರ್ಸದಿಂದ ದಿನಾ ಸಂಜೆ ಸ್ವಂತ ಕರ್ಚಲ್ಲಿ ಟೇಸ್ಟ್ ಮಾಡ್ತಾವ್ನಿ. ನನ್ನ ಯಾವನೂ ಕರೀನಿಲ್ಲ. ಸೊಪ್ಪುಸಾರು ಉಣ್ಣೋ ನಿನ್ನ ಕರ್ಕೊಂಡೋಗವ್ರೆ!" ಎನ್ನುತ್ತಾನೆ. ನೀನು ಹೇಳು, ನಾನು ಯಾರಿಗೆ ಅಂತ ಸಮಾಧಾನ ಹೇಳಲಿ?

ಬರುವ ಸೋಮವಾರ ಹೊಟ್ಟೆಯಲ್ಲಿರುವ ನಮ್ಮ ಮಗುವಿಗೆ ಲಿಂಗಧಾರಣೆ. ಎಂಟನೇ ತಿಂಗಳಲ್ಲಿ ಮಗುವಿನ ಪಾಲಿನ ಲಿಂಗವನ್ನು ತಾಯಿಯ ಮೈಮೇಲೆ ಕಟ್ಟುವಾಗ ತಂದೆಯೂ ಪಕ್ಕದಲ್ಲಿ ಕೂರಬೇಕು. ನಿಮ್ಮ ತಂದೆ ನನ್ನನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ ಎಂದಿದ್ದಾರೆ. ಕೆಲಸ ಬಿಟ್ಟು ಬಂದರೆ ನೋಡೋಣ ಎಂದೂ ಹೇಳಿ ಕಳಿಸಿದ್ದಾರೆ. ಅದಕ್ಕೇ ಈ ಕಾಗದ. ಶನಿವಾರ ನಿನ್ನ ಕೈಗೆ ಸೇರುವ ಹಾಗೆ ಈ ದಿನವೇ ಅಂಚೆಗೆ ಹಾಕುತ್ತೇನೆ.

ಮೊದಲಿಂದ ಹೇಳುತ್ತೇನೆ.

ಜುಲೈನಲ್ಲಿ ಒಂದು ದಿನ ಮಾಲ್ಟಿನ ಮೂಟೆ ಇಳಿಸಲು ಆಳು ಕಮ್ಮಿ ಎಂದು ಬಾಟ್ಲಿ ತೊಳೆಯುವಲ್ಲಿಂದ ನನ್ನನ್ನೂ ಬಸವಣ್ಣನನ್ನೂ ಕರೆದರು. ಮಾಲ್ಟ್ ಎಂದರೆ ಬೇರೇನೂ ಅಲ್ಲ, ನೀನು ಹುರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟಿ ಒಣಗಿಸುತ್ತೀಯಲ್ಲ, ಹಾಗೆ ಬಾರ್ಲಿಯನ್ನು ಒಣಗಿಸಿರುತ್ತಾರೆ. ಮೂಟೆ ಹೆಗಲ ಮೇಲೆ ಬಂದಾಗ ಆರು ಮೂಟೆಗೆ ಮಾತ್ರ ಹೊಗೆಯ ವಾಸನೆ ಇತ್ತು. ಎಲ್ಲೋ ಗೋಡೌನಿಗೆ ಬೆಂಕಿ ಬಿದ್ದು ಮಾಲು ಕೆಟ್ಟಿದೆ, ನಮ್ಮ ಫ್ಯಾಕ್ಟರಿಯವರಿಗೆ ಮೋಸ ಮಾಡುತ್ತಿದ್ದಾರೆ ಎಂದುಕೊಂಡು ಆ ಆರನ್ನೂ ಲಾರಿಗೇ ವಾಪಸು ಹಾಕಿಸಿದೆ. ಜನ್ಮದಲ್ಲಿ ಒಂದು ಸಲ ನಾನಾಗಿ ಧೈರ್ಯ ಮಾಡಿದ್ದು ಅದೇ. ಲಾರಿ ಕಡಕೊಳ ದಾಟಿದ ಮೇಲೆ ಗೊತ್ತಾಯಿತು, ಅದು ಬೇಕೆಂದೇ ಹೊಗೆ ಹಾಕಿಸಿ ಹಡಗಿನಲ್ಲಿ ತರಿಸಿದ ಮಾಲು. ಮೋಟರ್ ಬೈಕಿನಲ್ಲಿ ಆಳು ಓಡಿಸಿ ಲಾರಿ ಹಿಡಿದರು.

ಬಿಯರ್ ಮಾಡಿಸುವ ದೊಡ್ಡ ಸಾಹೇಬರು ಮದನ್ ಅಂತ. ಕೆಲಸ ಹೋಯಿತು ಎಂದುಕೊಂಡು ಅವರ ಮುಂದೆ ನಿಂತೆ.

"ಮೂಟೆ ಬಿಚ್ಚಿದ್ಯಾ?"

"ಇಲ್ಲ ಸಾ."

"ಒಳಗೆ ಎರಡು ಪದರ ಪ್ಲಾಸ್ಟಿಕ್ ಹಾಕಿದ್ದಾರೆ. ಹೊಗೆ ಅಂತ ಹೆಂಗೆ ಗೊತ್ತಾಯ್ತು?"

"ಮೂಗಿಗೆ ಬಂತು ಸಾ."

ಅವರು ನಕ್ಕುಬಿಟ್ಟರು. ಯಾವ ಹೊಗೆ ಎಂದರು. ಸೌದೆಯದಲ್ಲ, ಕಬ್ಬಿನ ಸಿಪ್ಪೆಯದೂ ಅಲ್ಲ, ಹಸಿ ಮಣ್ಣು ಸುಟ್ಟ ಹಾಗಿದೆ ಎಂದೆ. ಅವರು ನಗುವುದನ್ನು ನಿಲ್ಲಿಸಿದರು. ಆ ಸ್ಕಾಟ್ಲೆಂಡಿನಲ್ಲಿ ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಅದನ್ನೇ ಒಲೆಗೆ ಹಾಕುತ್ತಾರಂತೆ. ಮಣ್ಣು ಉರಿಯುತ್ತದೆ ಎಂದರೆ ನೀನು ನಂಬುತ್ತೀಯಾ? ನಾನು ನಂಬಿದ್ದು ವಾಸನೆಯಿಂದ.

ಆಮೇಲೆ ಅದನ್ನು ಕುದಿಸುವ ದಿನ ನನ್ನನ್ನೂ ಹಂಡೆಯ ಹತ್ತಿರ ನಿಲ್ಲಿಸಿಕೊಂಡರು. ಬೇರೆ ಬಿಯರಿಗಿಂತ ಇದನ್ನು ಹೆಚ್ಚು ಹೊತ್ತು ಕುದಿಸಿ ಕೆಂಪಾಗಿಸುತ್ತಾರೆ. ಎರಡು ಗಂಟೆಯಾಗಿರಬೇಕು. "ಸಾ, ತಳ ಹಿಡೀತಾ ಅದೆ" ಎಂದೆ. ಮೀಟರ್ ನೋಡುತ್ತಿದ್ದವರು ಇಲ್ಲ ಎಂದರು. ಮದನ್ ಸಾಹೇಬರು ಮೀಟರ್ ಬಿಟ್ಟು ನನ್ನ ಮಾತು ಕೇಳಿ ಆವಿ ನಿಲ್ಲಿಸಿದರು. ಮಾರನೇ ದಿನ ಹಂಡೆ ತೊಳೆದಾಗ ತಳದಲ್ಲಿ ಅಂಗೈ ಅಗಲ ಕಪ್ಪು ಕಲೆ ಇತ್ತು.

ಇದೇನು ದೊಡ್ಡ ವಿದ್ಯೆಯಲ್ಲ. ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಶಾಲೆ ಬಿಡಿಸಿ ಚಿಕ್ಕಯ್ಯನಛತ್ರದ ಹತ್ತಿರ ನಮ್ಮ ಆಲೆಮನೆಯ ಕೊಪ್ಪರಿಗೆ ಮುಂದೆ ನಿಲ್ಲಿಸಿದರು. ಕಬ್ಬಿನ ಹಾಲು ಕುದ್ದು ಪಾಕ ಬರುವ ಗಳಿಗೆಯನ್ನು ಮೂಗಿನಿಂದ ಹಿಡಿಯುವುದೇ ನನ್ನ ಕೆಲಸವಾಗಿತ್ತು. ಒಂದು ನಿಮಿಷ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ನಿಮಿಷ ತಡವಾದರೆ ಕಪ್ಪಾಗುತ್ತದೆ. ಹದಿಮೂರು ವರ್ಷ ಅದನ್ನೇ ಮಾಡಿದೆ. ನಿಮ್ಮ ತಂದೆ ತಮ್ಮ ಬೆಲ್ಲದ ಮಂಡಿಗೆ ನಮ್ಮ ಬೆಲ್ಲ ಕೊಳ್ಳಲು ಬಂದು, ನನ್ನ ಪಾಕ ನೋಡಿಯೇ ನಿನ್ನನ್ನು ಕೊಡಲು ಮನಸ್ಸು ಮಾಡಿದ್ದು. ಆಗ ನನ್ನ ನಾಲಿಗೆ ಅವರಿಗೆ ಬಂಗಾರವಾಗಿತ್ತು. ಇದೊಂದು ಮಾತು ಅವರಿಗೆ ಓದಿ ಹೇಳಬೇಡ: ಅವರ ಮಂಡಿಯಿಂದ ಕಪ್ಪು ಬೆಲ್ಲ ಮೂಟೆಗಟ್ಟಲೆ ಭಟ್ಟಿಯವರ ಲಾರಿಗೆ ಹೋಗುತ್ತಿತ್ತಲ್ಲ, ಅದೇನು ಯಾರ ಮನೆಯ ಪಾಯಸಕ್ಕೆ ಹೋಗುತ್ತಿತ್ತೇ?

ಹಂಡೆಯ ವಿಷಯ ಆದ ಮೇಲೆ ಟೇಸ್ಟ್ ಮಾಡುವ ಐದು ಜನರಲ್ಲಿ ನನ್ನ ಹೆಸರು ಬರೆದರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಹತ್ತು ನಿಮಿಷದ ಕೆಲಸ. ಸಣ್ಣ ಲೋಟಗಳಲ್ಲಿ ಇಟ್ಟಿರುತ್ತಾರೆ. ಮೂಸಿ, ಬಾಯಿಗೆ ಹಾಕಿಕೊಂಡು, ಏನು ಸರಿ ಏನು ಕೆಟ್ಟಿದೆ ಎಂದು ಹೇಳಬೇಕು. ಉಗಿಯಬಹುದಾ ಎಂದು ಮೊದಲ ದಿನವೇ ಕೇಳಿದೆ. "ಕಹಿ ಗಂಟಲಲ್ಲಿ ತಿಳೀತದೆ ಕಣಪ್ಪ, ಒಂದು ಗುಟುಕು ಇಳೀಲೇಬೇಕು" ಎಂದರು.

ಉಗಿಯುತ್ತಿದ್ದೆ ಎಂದು ನಿಮ್ಮ ತಂದೆಯ ಮುಂದೆ ಹೇಳಿದೆನಲ್ಲ, ಅದು ಸುಳ್ಳು. ನುಂಗುತ್ತಿದ್ದೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಮದುವೆಯಾದ ಹೊಸದರಲ್ಲಿ ಬಾಟ್ಲಿ ತೊಳೆಯುವ ಕೆಲಸ ಎಂದಾಗಲೇ ನೀನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ, "ಓಗ್ಲಿ ಬುಡಿ, ತೊಳೆಯೋದು ತಾನೆ, ತೊಳೆಯೋದ್ರಲ್ಲಿ ಏನು ಮೈಲಿಗೆ" ಎಂದು ನೀನೇ ಸಮಾಧಾನ ಮಾಡಿಕೊಂಡೆ. ಅಷ್ಟು ಕಷ್ಟಪಟ್ಟು ಮಾಡಿಕೊಂಡ ಸಮಾಧಾನವನ್ನು ಹೇಗೆ ಕೆಡಿಸಲಿ? ಈ ದಿನ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಆಗಲೇ ನೀನು ಬಸುರಿ ಬೇರೆ. ಆಮೇಲೆ ಹೇಳುವ ದಿನವೇ ಬರಲಿಲ್ಲ.

ಲಿಂಗದ ವಿಷಯ. ಟೇಸ್ಟ್ ಮಾಡುವ ಕೋಣೆಯ ಬಾಗಿಲ ಪಕ್ಕ ಬಿಳಿ ಕೋಟು ಹಾಕಲು ಮೊಳೆಗಳಿವೆ. ಮೊದಲ ದಿನ ಆ ಬಾಗಿಲಲ್ಲಿ ನಿಂತಾಗ ಎದೆಯ ಮೇಲಿನ ಲಿಂಗದ ಕರಡಿಗೆ ಕಲ್ಲಿನಷ್ಟು ಭಾರವಾಯಿತು. ದೇವರನ್ನು ಕಟ್ಟಿಕೊಂಡು ಈ ಕೋಣೆಗೆ ಹೇಗೆ ಹೋಗಲಿ? ಗುಡಿಗೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಡುತ್ತೇವೆ. ನಾನು ಬಿಯರಿನ ಕೋಣೆಗೆ ಹೋಗುವಾಗ ದೇವರನ್ನು ಹೊರಗೆ ಬಿಟ್ಟೆ. ಶಿವದಾರ ಸಮೇತ ಕರಡಿಗೆಯನ್ನು ಕೊನೆಯ ಮೊಳೆಗೆ ಹಾಕಿ, ಮೇಲೆ ನನ್ನ ಬಿಳಿ ವಸ್ತ್ರ ಹೊದಿಸಿ, ಹತ್ತು ನಿಮಿಷ ಕ್ಷಮಿಸು ಎಂದು ಕೈಮುಗಿದು ಒಳಗೆ ಹೋದೆ. ಮರ್ಯಾದೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ ನಯನಾ. ಲಿಂಗ ಮೈಯಿಂದ ಅಗಲಿದರೆ ಪ್ರಾಣವೇ ಅಗಲಿದಂತೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೂ ಅದರ ಮುಂದೆ ಕುಡಿಯುವುದಕ್ಕಿಂತ ಇದೇ ವಾಸಿ ಎಂದು ನನ್ನ ಬುದ್ಧಿಗೆ ತೋಚಿತು. ನಾಲ್ಕು ತಿಂಗಳೂ ಹಾಗೇ ಮಾಡಿದೆ.

ಹೊಗೆಯ ಏಲ್ ತೊಟ್ಟಿಯಲ್ಲಿ ಆರು ವಾರ ಕೂತು, ಗೌರಿ ಹಬ್ಬದ ಹಿಂದಿನ ವಾರ ಲೋಟಕ್ಕೆ ಬಂತು. ಅದರ ಬಗ್ಗೆ ಬರೆಯಲೇಬೇಕು. ಅದನ್ನು ಬಿಟ್ಟರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ.

ಕಿಟಕಿಗೆ ಹಿಡಿದರೆ ಕಾಕಂಬಿಯಂಥ ಬಣ್ಣ, ಅಂಚಿನಲ್ಲಿ ಮಾತ್ರ ಕೆಂಪು. ನೊರೆ ಹುರಿಹಿಟ್ಟಿನ ಬಣ್ಣದ್ದು. ಮೂಗಿಗೆ ಮೊದಲು ಹೊಗೆ ಬಂತು. ಮೂಟೆಯಲ್ಲಿದ್ದಾಗ ಒರಟಾಗಿದ್ದ ಹೊಗೆ ಈಗ ಕಂಬಳಿಗೆ ಹಿಡಿದ ಹೊಗೆಯ ಹಾಗೆ ಹಳೆಯದಾಗಿತ್ತು. ಬಾಯಿಗೆ ಹಾಕಿಕೊಂಡೆ. ಮೊದಲು ಹುರಿದ ರಾಗಿ. ಅದರ ಹಿಂದೆಯೇ ಬೆಲ್ಲ, ಅದೂ ಪಾಕ ಮೀರಿ, ಕಪ್ಪಾಗಲು ಒಂದು ಗಳಿಗೆ ಬಾಕಿ ಇರುವ ಬೆಲ್ಲ. ನುಂಗಿದ ಮೇಲೆ ಸ್ವಲ್ಪ ಕಹಿ, ಆಮೇಲೆ ಮೆಣಸಿನ ಕಷಾಯ ಕುಡಿದ ಹಾಗೆ ಎದೆಯಲ್ಲಿ ಬಿಸಿ. ಬೇರೆ ಬಿಯರಿನ ಎರಡರಷ್ಟು ಗಡಸು ಅದು. ಎಲ್ಲ ಇಳಿದ ಮೇಲೆ ಮತ್ತೆ ಹೊಗೆ ಬಂತು, ಈ ಸಲ ಒಳಗಿನಿಂದ.

ಆಲೆಮನೆಯ ಕೊನೆಯ ಒಲೆ ಹಚ್ಚಿದ ದಿನ ನಿನಗೆ ಗೊತ್ತಿಲ್ಲ. ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗಲು ಶುರುವಾಗಿ, ನಮ್ಮಲ್ಲಿ ಒಂದು ಗಾಡಿ ಮಾತ್ರ ಉಳಿದಿತ್ತು. ಪಾಕ ಬಂತು ಎಂದು ನಾನು ಕೂಗಿದೆ. ಅಪ್ಪ ಏಳಲಿಲ್ಲ. ಮತ್ತೆ ಕೂಗಿದೆ. ಶಂಭುಲಿಂಗಪ್ಪನ ಬೆಲ್ಲ ಎಂದರೆ ಸುತ್ತ ಹತ್ತು ಊರಿಗೆ ಹೆಸರು. ಅಂಥವರು ಕೊಪ್ಪರಿಗೆಯನ್ನೇ ನೋಡುತ್ತಾ ಕೂತುಬಿಟ್ಟರು. ಬೆಲ್ಲ ಸೀದು ಹೊಗೆ ಎದ್ದ ಮೇಲೆ ಇಳಿಸಿದರು. ಆರಿದಾಗ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟು, "ಈ ರುಚಿ ನೆಪ್ಪಿಟ್ಕೊ ಮಗಾ. ಇಂಗಾಗ್ಬಾರ್ದು" ಎಂದರು. ಅದೇ ವರ್ಷ ತೀರಿಕೊಂಡರು.

ಅಪ್ಪ ಹೀಗೆ ಆಗಬಾರದು ಎಂದ ರುಚಿಯನ್ನು ಯಾವುದೋ ದೇಶದವರು ಬೇಕೆಂದೇ, ಲೆಕ್ಕ ಹಾಕಿ, ಮಣ್ಣು ಸುಟ್ಟು ಮಾಡುತ್ತಾರೆ ನಯನಾ. ಮಾಡಿ, ಚೆನ್ನಾಗಿದೆ ಎಂದು ಚಪ್ಪರಿಸುತ್ತಾರೆ. ನನಗೆ ಸಿಟ್ಟು ಬಂತೋ ದುಃಖ ಬಂತೋ ಗೊತ್ತಾಗಲಿಲ್ಲ. ಐದು ಜನರ ಮುಂದೆ ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. "ಅಷ್ಟು ಕೆಟ್ಟಿದ್ಯೇನಪ್ಪ?" ಎಂದು ಮದನ್ ಸಾಹೇಬರು ಗಾಬರಿಯಾದರು. "ಸರಿಯಾಗದೆ ಸಾ" ಎಂದು ಹೇಳಿ ಹೊರಗೆ ಬಂದೆ. ಚೆನ್ನಾಗಿತ್ತು ಎಂಬುದನ್ನೂ ನಿನಗೆ ಹೇಳಬೇಕು. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಆ ದಿನ ಕೆಂಪು ಕಣ್ಣಿನಲ್ಲಿ ಮನೆಗೆ ಬಂದಾಗ ನೀನು ಓಡಿಬಂದು ಏನಾಯಿತು ಎಂದೆ. ಬಾಟ್ಲಿ ತೊಳೆಯುವ ಸೋಡಾ ಹಾರಿತು ಎಂದೆ. ನೀನು ಹಸಿ ಹಾಲಿನಲ್ಲಿ ಹತ್ತಿ ಅದ್ದಿ ಕಣ್ಣಿಗಿಟ್ಟು, "ಕಣ್ಣು ಓದ್ರೆ ಏನ್ ಗತಿ, ಆ ಕೆಲ್ಸ ಬುಟ್ಬುಡಿ" ಎಂದು ನನಗಿಂತ ಹೆಚ್ಚು ಅತ್ತೆ. ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ನಾಲ್ಕು ತಿಂಗಳಲ್ಲಿ ಹೇಳಿದ ಸುಳ್ಳುಗಳಲ್ಲಿ ನನಗೆ ನುಂಗಲಾಗದ್ದು ಅದು. ನೀನು ಇನ್ನೊಂದು ದಿನ ನನ್ನ ಅಂಗಿಯ ತೋಳು ಮೂಸಿ, "ಒಲೆ ವಾಸ್ನೆ ಬತ್ತದಲ್ಲ, ಒಂಥರಾ ಚೆನ್ನಾಗದೆ" ಎಂದೆ. ಬಯಕೆಯಲ್ಲಿ ನಿನಗೆ ಸುಟ್ಟ ಮಣ್ಣಿನ ವಾಸನೆ ಬೇಕಾಗಿದ್ದ ಕಾಲ ಅದು. ಬಾಯ್ಲರ್ ಹೊಗೆ ಎಂದೆ. ಅದೂ ಸುಳ್ಳು.

ಇನ್ನು ಕಳೆದ ವಾರದ್ದು ನೀನೇ ನೋಡಿದ್ದೀಯ. ನಿಮ್ಮ ತಂದೆ ತಾಯಿ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಾರೆ ಎಂದು ಟೇಸ್ಟ್ ಮುಗಿಸಿ ಅವಸರದಲ್ಲಿ ಓಡಿ ಬಂದೆ. ಸ್ನಾನ ಮಾಡಿ ನಿಮ್ಮ ತಂದೆಯ ಪಕ್ಕ ಪೂಜೆಗೆ ಕೂತು, ಎದೆಗೆ ಕೈ ಹಾಕಿದಾಗ ತಿಳಿಯಿತು. "ಲಿಂಗ ಎಲ್ಲಯ್ಯಾ?" ಎಂದರು. ಬೇರೆ ಯಾರಾದರೂ ಆಗಿದ್ದರೆ ದಾರ ಹಳೆಯದಾಗಿತ್ತು, ಬದಲಿಸಲು ಕೊಟ್ಟಿದ್ದೇನೆ ಎನ್ನುತ್ತಿದ್ದರು. ನನ್ನ ಬಾಯಿಂದ ಬಂದದ್ದು, "ಮೊಳೇಲದೆ ಮಾವ." "ಯಾವ ಮೊಳೆ?" "ಫ್ಯಾಕ್ಟ್ರಿ ಮೊಳೆ." ಅಷ್ಟೇ. ಆಮೇಲೆ ಒಂದೊಂದೇ ಕೇಳಿದರು, ಒಂದೊಂದೇ ಹೊರಗೆ ಬಂತು. ಬಡಿಸಿದ ಎಲೆ ಹಾಗೇ ಉಳಿಯಿತು. ನೀನು ಬ್ಯಾಗು ಹಿಡಿದು ಅವರ ಹಿಂದೆ ಹೋದೆ. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡುತ್ತೀಯೇನೋ ಎಂದು ನಿಂತಿದ್ದೆ. ನೀನು ಆ ಕಡೆಯ ಸೀಟಿನಲ್ಲಿ ಕೂತಿದ್ದೆ.

ಮೊಳೆಯಿಂದ ತಂದ ಕರಡಿಗೆ ಹಿಡಿದು ಭಾನುವಾರ ಮಠಕ್ಕೆ ಹೋದೆ. ಬುದ್ಧಿಯವರು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದರು. ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಬೈದಿದ್ದರೆ ಸುಖವಾಗಿರುತ್ತಿತ್ತು. ಬೈಯಲಿಲ್ಲ.

"ಎಷ್ಟೊತ್ತು ತೆಗ್ದಿಡ್ತಿದ್ದೆ?"

"ಅತ್ನಿಮಿಷ ಬುದ್ಧಿ."

"ಆ ಅತ್ನಿಮಿಷ ನೀನು ಯಾರಾಗಿದ್ದೆ?"

ಅವರು ಇನ್ನೊಂದು ಬೀಜ ತೆಗೆದು ಪಕ್ಕಕ್ಕಿಟ್ಟು, "ಲಿಂಗ ಮೈಮ್ಯಾಲಿಟ್ಕೊಂಡು ಆ ಕೆಲ್ಸ ಮಾಡಾಕಾಯ್ತದಾ ನೋಡು. ಆಗ್ನಿಲ್ವಾ, ಬುಟ್ಬುಡು. ಆಯ್ತಾ, ಮುಚ್ಚುಮರೆ ಇಲ್ದಂಗೆ ಮಾಡು. ತೆಗ್ದಿಟ್ಟು ಮಾಡೋದ್ ಮಾತ್ರ ಬ್ಯಾಡ" ಎಂದರು. ನನ್ನ ಕರಡಿಗೆಯನ್ನು ತೊಳೆದು, ಮಂತ್ರ ಹೇಳಿ, ಹೊಸ ಶಿವದಾರದಲ್ಲಿ ಅವರ ಕೈಯಿಂದಲೇ ಮತ್ತೆ ಕಟ್ಟಿದರು. ಸೋಮವಾರ ನಿಮ್ಮ ಮನೆಗೆ ಬರುವವರೂ ಅವರೇ. ಹಾಗಾದರೆ ನಾನೂ ಬರಬಹುದಾ ಬುದ್ಧಿ ಎಂದೆ. "ನನ್ನೇನ್ ಕೇಳ್ತೀಯೆ? ಒಟ್ಟೇಲಿ ಒತ್ಕೊಂಡಿರೋಳು ಕರುದ್ರೆ ಬಾ. ಅವಳು ಕರುದ್ರೆ ನಿಮ್ ಮಾವ ಗಂಗಾಧರಸ್ವಾಮಿಗೆ ನಾನ್ ಏಳ್ಕತೀನಿ" ಎಂದರು. ನೋಡು, ಅವರೂ ತೀರ್ಮಾನ ಮಾಡಲಿಲ್ಲ. ಎಲ್ಲರೂ ಚೆಂಡನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ, ಓಡಾಡುವವನು ಮಾತ್ರ ನಾನು.

ಮಂಗಳವಾರ ಹನ್ನೊಂದು ಗಂಟೆಗೆ ಆ ಬಾ‌ಗಿಲಲ್ಲಿ ನಿಂತೆ. ಕೈ ತಾನಾಗಿ ಕೊರಳಿಗೆ ಹೋಯಿತು. ಕೆಳಗಿಳಿಸಿಕೊಂಡೆ. ಕರಡಿಗೆ ಎದೆಯ ಮೇಲೇ ಇತ್ತು. ಮೇಜಿನ ಮೇಲೆ ಹೊಗೆಯ ಏಲಿನ ಎರಡನೇ ಹಂಡೆಯ ಮಾಲು. ಮೂಗಿನಿಂದಲೇ ಹೇಳಿ ತಪ್ಪಿಸಿಕೊಳ್ಳೋಣ ಎಂದು ಎರಡು ಸಲ ಮೂಸಿದೆ. ಹೊಗೆ ಹೆಚ್ಚಾಗಿದೆ ಅನ್ನಿಸಿತು, ಖಚಿತವಾಗಲಿಲ್ಲ. ಎಡಗೈಯನ್ನು ಅಂಗಿಯ ಮೇಲಿಂದ ಲಿಂಗದ ಮೇಲಿಟ್ಟುಕೊಂಡು ಒಂದು ಗುಟುಕು ನುಂಗಿದೆ. ಹೊಗೆ ಹೆಚ್ಚೇ ಆಗಿತ್ತು, ಆಸ್ಪತ್ರೆಯ ಔಷಧಿಯ ಹಾಗೆ. ಹೇಳಿದೆ, ಬರೆದುಕೊಂಡರು.

ಏನೂ ಆಗಲಿಲ್ಲ ನಯನಾ. ನಾಲಿಗೆ ಸೇದಿಹೋಗಲಿಲ್ಲ, ತಲೆ ತಿರುಗಲಿಲ್ಲ. ಆ ಗುಟುಕಿಗೆ ನನಗೆ ನಾಚಿಕೆಯೂ ಆಗಲಿಲ್ಲ. ನಾಚಿಕೆಯಾದದ್ದು ಆ ಮೊಳೆ ನೋಡಿದಾಗ. ದಿನಕ್ಕೆ ಹತ್ತು ನಿಮಿಷ ಅಲ್ಲಿ ನಾನು ನೇತುಹಾಕುತ್ತಿದ್ದದ್ದು ಲಿಂಗ ಒಂದನ್ನೇ ಅಲ್ಲ, ನಿನ್ನನ್ನೂ.

ಹಾಗಾಗಿ ನನ್ನ ಮಾತು ಇಷ್ಟು. ಕೆಲಸ ಬಿಡುವುದಿಲ್ಲ. ನಿಮ್ಮ ತಂದೆಗೆ ಹೆದರಿ ಬಿಟ್ಟರೆ ಅದು ಮತ್ತೊಂದು ಸುಳ್ಳಾಗುತ್ತದೆ. ನನಗೆ ಅಪ್ಪ ಕೊಟ್ಟುಹೋದದ್ದು ಈ ಮೂಗು, ಈ ನಾಲಿಗೆ. ಅದಕ್ಕೆ ಈಗ ಕೆಲಸ ಕೊಡುತ್ತಿರುವುದು ಈ ಒಂದು ಹಂಡೆ. ಹನ್ನೊಂದು ಗಂಟೆಗೆ ಒಂದು ಗುಟುಕು, ಲಿಂಗ ಎದೆಯ ಮೇಲಿಟ್ಟುಕೊಂಡು. ಎರಡನೇ ಗುಟುಕು ಇಲ್ಲ. ಅದರ ವಾಸನೆ ಮನೆಗೆ ಬಂದರೆ ಬಾಯ್ಲರ್ ಎನ್ನುವುದಿಲ್ಲ, ಸೋಡಾ ಎನ್ನುವುದಿಲ್ಲ. ಇಂಥವನ ಜೊತೆ ಬಾಳುವುದು ನಿನಗೆ ಆಗುತ್ತದೆ ಎಂದರೆ ಬಾ ಎಂಬ ಒಂದು ಅಕ್ಷರ ಹೇಳಿ ಕಳಿಸು. ಬಸವಣ್ಣ ಭಾನುವಾರ ಸೋಸಲೆಗೆ ಅಕ್ಕನ ಮನೆಗೆ ಬರುತ್ತಾನೆ, ನಿಮ್ಮ ಮಂಡಿಯ ಹತ್ತಿರ ಬಸ್ಸು ಇಳಿಯುತ್ತಾನೆ. ಅವನ ಕೈಲಿ ಹೇಳಿದರೂ ಸಾಕು. ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಆದರೆ ನಮ್ಮ ಗುಟ್ಟು ಈಗ ಏನು ಉಳಿದಿದೆ?

ಒಂದು ಉಳಿದಿದೆ. ಆಯುಧಪೂಜೆಯ ದಿನ ಮದನ್ ಸಾಹೇಬರು ಟೇಸ್ಟ್ ಮಾಡುವವರಿಗೆಲ್ಲ ಹೊಗೆಯ ಏಲ್ ಒಂದೊಂದು ಸೀಸೆ ಕೊಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪನ ಸಮಾಧಿಯ ಹತ್ತಿರ ತೆಗೆದುಕೊಂಡು ಹೋಗಿ ಮುಚ್ಚಳ ತೆಗೆದು ಇಡೋಣ, ನೀನು ಬೇಡವೆಂದ ರುಚಿಗೆ ಬೆಲೆ ಬಂದಿದೆ ನೋಡಪ್ಪ ಎಂದು ಹೇಳೋಣ ಎಂದುಕೊಂಡೆ. ಹುಚ್ಚುತನ. ಹೋಗಲಾಗಲಿಲ್ಲ. ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಒಳಗೆ, ಹಿಟ್ಟಿನಲ್ಲಿ ಹುದುಗಿಸಿ ಇಟ್ಟಿದ್ದೆ. ಇದನ್ನೂ ಹೇಳಿಬಿಟ್ಟೆ. ಇನ್ನು ನನ್ನ ಹತ್ತಿರ ಹೇಳದೆ ಉಳಿಸಿಕೊಂಡದ್ದು ಏನೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಪ್ಪು ಬೆಲ್ಲದ ವಿಷಯ ಓದಬೇಡ ಎಂದದ್ದು ನೆನಪಿರಲಿ.

ನಿನ್ನ ಕೋಪಕ್ಕೂ ನಿನಗೂ ಸೇರಿದವನು,
ರುದ್ರೇಶ

ಮರೆತ ಮಾತು: ಉಳಿಸಿಕೊಂಡದ್ದು ಏನೂ ಇಲ್ಲ ಎಂದು ಬರೆದು ಸಹಿ ಹಾಕಿದೆ. ಅದೂ ಸುಳ್ಳು. ನೀನು ಹೋದ ಮಾರನೇ ದಿನ ಮುದ್ದೆ ಮಾಡಿಕೊಳ್ಳಲು ಡಬ್ಬಕ್ಕೆ ಕೈ ಹಾಕಿದಾಗ ಸೀಸೆ ಸಿಕ್ಕಿತು. ಮುಚ್ಚಳ ತೆಗೆದು ಮತ್ತೆ ಒತ್ತಿ, ಮೇಲೆ ಬಟ್ಟೆ ಕಟ್ಟಿತ್ತು. ಗಂಟು ನೀನು ಹಾಕುವ ಗಂಟು. ಒಳಗೆ ಅರ್ಧ ಬೆರಳಷ್ಟು ಕಮ್ಮಿ ಇತ್ತು. ಅಂದರೆ ನಿನಗೆ ಮೊದಲೇ ಗೊತ್ತಿತ್ತು, ನಾನಾಗಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ. ಮಾವ ಎಷ್ಟು ಬೈದರೂ ಇದನ್ನು ಹೇಳಿಲ್ಲ, ಬುದ್ಧಿಯವರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಗೊತ್ತಾಗಬೇಕಾದದ್ದು ಒಂದೇ, ಸೋಮವಾರ ನಾನು ಬಂದಾಗ ಕಿವಿಯಲ್ಲಿ ಹೇಳು: ನಿನ್ನ ನಾಲಿಗೆಗೆ ಮೊದಲು ಬಂದದ್ದು ಹೊಗೆಯಾ, ಬೆಲ್ಲವಾ?